ಹಿತ್ತಿಲಿನಲ್ಲೊಂದು ಅಟ್ಟಣೆಮನೆ

ಬೇಸಿಗೆಯ ರಜೆ ಸಮೀಪಿಸಿತೆಂದರೆ ನಮ್ಮವರ ಚೀಲಗಳು ತುಂಬತೊಡಗುತ್ತವೆ. ಹೊಟೇಲಿನ ಗಲ್ಲೆಯಲ್ಲಿ ಕುಳಿತವರಾಗಲಿ, ಒಲೆಯ ಮುಂದೆ ನಿಂತವರಾಗಲಿ, ಕಚೇರಿಯ ಕಡತಗಳ ನಡುವೆ ವರ್ಷ ಸವೆಸಿದವರಾಗಲಿ, ಊರಿಗೆ ಹೊರಡುವ ಮುನ್ನ ಒಂದು ಸಾಯಂಕಾಲವನ್ನು ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿಯೋ ದಾದರಿನ ಬೀದಿಬದಿಯಲ್ಲಿಯೋ ಕಳೆಯದವರು ವಿರಳ. ಮಗನಿಗೊಂದು ಕೀಲಿ ಕೊಟ್ಟರೆ ಓಡುವ ಮೋಟಾರು, ಮಗಳಿಗೊಂದು ಕಣ್ಣು ಮಿಟುಕಿಸುವ ಗೊಂಬೆ. ಕೊಂಕಣ ರೈಲಿನ ಬೋಗಿಯಲ್ಲಿ ರಾತ್ರಿಯೆಲ್ಲ ಅವನ್ನು ತಲೆದೆಸೆಯಲ್ಲಿಟ್ಟುಕೊಂಡೇ ನಿದ್ದೆ. ಮನೆ ಸೇರಿದ ನಾಲ್ಕನೆಯ ದಿನಕ್ಕೆ ಮೋಟಾರಿನ ಸ್ಪ್ರಿಂಗು ಮುರಿದಿರುತ್ತದೆ, ಗೊಂಬೆಯ ಒಂದು ಕಣ್ಣು ಮುಚ್ಚಿದ್ದು ತೆರೆಯದು. ತಂದೆಯ ರಜೆಯಲ್ಲಿ ಇನ್ನೂ ಇಪ್ಪತ್ತು ದಿನ ಉಳಿದಿರುತ್ತವೆ. ಆ ಇಪ್ಪತ್ತು ದಿನ ತಂದೆಗೂ ಮಕ್ಕಳಿಗೂ ನಡುವೆ ಇರುವುದೇನು?

ಪರಸ್ಥಳದಲ್ಲಿ ದುಡಿಯುವ ಸಂಸಾರಿಗರಿಗೆಲ್ಲ ಈ ಪ್ರಶ್ನೆಯ ಬಿಸಿ ಗೊತ್ತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ಕಳೆದ ವೈಶಾಖದಲ್ಲಿ ಕುಂದಾಪುರದ ಕಡೆಯ ನಮ್ಮ ಮನೆಯ ಹಿತ್ತಿಲಿನಲ್ಲಿ ಮಕ್ಕಳಿಗಾಗಿ, ಮಕ್ಕಳ ಕೈಯಿಂದಲೇ, ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿ ಒಂದು ಆಟದ ಮನೆಯನ್ನು ಕಟ್ಟಿದೆವು. ಅದರ ವೃತ್ತಾಂತವನ್ನು, ಕಟ್ಟಬಯಸುವವರಿಗೆ ಉಪಯೋಗವಾಗುವಷ್ಟು ವಿವರಗಳೊಡನೆ, ವಾಚಕರ ಮುಂದೆ ಇಡುತ್ತಿದ್ದೇವೆ.

ನೆಲಬಿಟ್ಟು ಮೇಲೆ ಕೂರುವ ಆಸೆ

ಮಕ್ಕಳಿಗೆ ನೆಲದ ಮೇಲಿನ ಮನೆಗಿಂತ ಎತ್ತರದ ಮನೆ ಪ್ರಿಯ. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಇಡೀ ದಿನ ದೊಡ್ಡವರ ಮೊಣಕಾಲುಗಳನ್ನೂ ಪಂಚೆಯ ಅಂಚುಗಳನ್ನೂ ನೋಡುತ್ತ ಬೆಳೆಯುವ ಜೀವಕ್ಕೆ ಒಮ್ಮೆಯಾದರೂ ದೊಡ್ಡವರ ನೆತ್ತಿಯನ್ನು ಮೇಲಿನಿಂದ ಕಾಣುವ ಹಂಬಲವಿರುವುದು ಸಹಜವೇ. ನಮ್ಮ ನಾಡಿನಲ್ಲಿ ಈ ಹಂಬಲಕ್ಕೆ ದೊಡ್ಡವರೇ ಮಾದರಿಯನ್ನು ಕಟ್ಟಿಟ್ಟಿದ್ದರು. ಹಂದಿಯಿಂದ ಪೈರನ್ನು ಕಾಯಲು ಮಲೆನಾಡಿನ ಗದ್ದೆಗಳಲ್ಲಿ ಮಾಳ, ಬಯಲುಸೀಮೆಯ ಜೋಳದ ಹೊಲಗಳಲ್ಲಿ ಹಕ್ಕಿ ಓಡಿಸಲು ಮಂಚಿಕೆ; ನಾಲ್ಕು ಕಂಬ, ಒಂದು ಹಾಸು, ಮೇಲೊಂದು ಹುಲ್ಲಿನ ಮಾಡು. ಕವಣೆ ಹಿಡಿದು ಅಲ್ಲಿ ಕುಳಿತ ಬಾಲ್ಯವುಳ್ಳವರು ನಮ್ಮ ವಾಚಕರಲ್ಲಿ ಇಂದಿಗೂ ಇರಬಹುದು.

ಮುಂಬಯಿಯಲ್ಲಿ ಬೆಳೆಯುವ ಮಕ್ಕಳಿಗೂ ಇದರ ರುಚಿ ಗೊತ್ತಿಲ್ಲದಿಲ್ಲ. ಮಲಬಾರ್ ಹಿಲ್ಲಿನ ಮೇಲೆ 1952ರಲ್ಲಿ ಆದ ಕಮಲಾ ನೆಹರೂ ಪಾರ್ಕಿನ ಬೂಟಿನ ಮನೆಯನ್ನು ನೋಡದ ಕನ್ನಡಿಗರ ಮಗುವಿಲ್ಲ. ಆಂಗ್ಲರ ಶಿಶುಗೀತೆಯೊಂದರ ಮುದುಕಿ ವಾಸವಾಗಿದ್ದ ಬೂಟನ್ನು ಕಲ್ಲುಗಾರೆಯಲ್ಲಿ ಎಬ್ಬಿಸಿದ ಆ ಮನೆಯ ಮುಂದೆ ಭಾನುವಾರ ಮಕ್ಕಳ ಸಾಲು ನಿಂತುದನ್ನು ನಾವೂ ಎಷ್ಟೋ ಸಲ ಕಂಡಿದ್ದೇವೆ. ಒಳಗೆ ಇರುವುದೇನು? ಮೆಟ್ಟಿಲು, ಮೇಲೊಂದು ಗವಾಕ್ಷಿ, ಕೆಳಗೆ ಕೈಬೀಸುತ್ತಿರುವ ತಂದೆತಾಯಿ. ಅಷ್ಟಕ್ಕೇ ಅಷ್ಟು ಸಂತೋಷ. ಇತ್ತ ಖೋಲಿಗೆ ಹಿಂದಿರುಗಿದರೆ ಹಳೆಯ ಚಾಳುಗಳಲ್ಲಿ ಪೋಟಮಾಳವೇ ಅವರ ಬೂಟಿನ ಮನೆ. ಹಳೆಯ ಹಾಸಿಗೆ, ಗಣಪತಿಯ ಮಂಟಪ, ಖಾಲಿ ಡಬ್ಬಗಳ ಎಡೆಯಲ್ಲಿ ಹೊಕ್ಕು ಕುಳಿತು ಕೆಳಗಿನವರ ಮೇಲೆ ಕಡಲೆಸಿಪ್ಪೆ ಉದುರಿಸುವ ಸಾಮ್ರಾಜ್ಯ. ವರಳಿಯಲ್ಲಿ 1920ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳ ಒಂದು ಖೋಲಿ 160 ಚದರ ಅಡಿ. ಅಷ್ಟರಲ್ಲಿ ಒಂದು ಕುಟುಂಬದ ಅಡುಗೆ, ನಿದ್ದೆ, ಪಾಠ ಎಲ್ಲವೂ ಆಗಬೇಕಾಗಿದ್ದಾಗ ಮಕ್ಕಳು ಮೇಲಕ್ಕೇರದೆ ಮತ್ತೆಲ್ಲಿಗೆ ಹೋಗಬೇಕು?

ಕಟ್ಟಿಕೊಟ್ಟ ಮನೆಗಿಂತ ಕಟ್ಟುವ ಕೆಲಸವೇ ಮಕ್ಕಳನ್ನು ಹೆಚ್ಚು ಸೆಳೆಯುತ್ತದೆಂಬುದನ್ನು ಡೆನ್ಮಾರ್ಕಿನ ಉದ್ಯಾನಶಿಲ್ಪಿ ಸೋರೆನ್ಸೆನ್ ಎಂಬವರು ಬಹು ಹಿಂದೆಯೇ ಗಮನಿಸಿದ್ದರು. ಅವರು ಅಚ್ಚುಕಟ್ಟಾಗಿ ನಿರ್ಮಿಸಿದ ಆಟದ ಬಯಲುಗಳನ್ನು ಬಿಟ್ಟು ಮಕ್ಕಳು ಕಟ್ಟಡ ಏಳುತ್ತಿದ್ದ ಜಾಗಗಳಲ್ಲಿ ಹಲಗೆಚೂರು, ಇಟ್ಟಿಗೆಗಳೊಡನೆ ಆಡುತ್ತಿದ್ದರಂತೆ. ದೇಶ ಜರ್ಮನರ ವಶದಲ್ಲಿದ್ದ 1943ರಲ್ಲಿ ಕೋಪನ್‌ಹೇಗನ್ನಿನ ಎಮ್‌ಡ್ರುಪ್ ಎಂಬ ಬಡಾವಣೆಯಲ್ಲಿ ಅವರ ಕಲ್ಪನೆಯಂತೆ ಒಂದು ಬಯಲು ತೆರೆಯಿತು: ಜಾರುಬಂಡೆಯಿಲ್ಲ, ಉಯ್ಯಾಲೆಯಿಲ್ಲ, ಮರದ ತುಂಡು, ಮೊಳೆ, ಸುತ್ತಿಗೆ, ಹಾರೆ, ಸಹಾಯಕ್ಕೊಬ್ಬ ಹಿರಿಯ. 1946ರಲ್ಲಿ ಇದನ್ನು ಕಂಡ ಇಂಗ್ಲೆಂಡಿನ ಲೇಡಿ ಆಲನ್ ಯುದ್ಧದಲ್ಲಿ ಬಾಂಬು ಬಿದ್ದು ಹಾಳಾದ ನಿವೇಶನಗಳಲ್ಲಿ ಅಂಥವೇ ಬಯಲುಗಳಿಗಾಗಿ ತಮ್ಮ ದೇಶದಲ್ಲಿ ಪ್ರಚಾರ ಮಾಡಿದರು. ನಮ್ಮ ಹಿತ್ತಿಲುಗಳಲ್ಲಿ ಬೇಕಾದ ಸಾಮಗ್ರಿ ಬೇಕಾದಷ್ಟು ಬಿದ್ದಿರುವಾಗ ನಾವು ಪ್ಲಾಸ್ಟಿಕ್ಕಿನ ಮೋಟಾರನ್ನು ಹೊತ್ತೊಯ್ಯುವುದು ತುಸು ವಿನೋದವೆನ್ನಬೇಕು.

ಮನೆಯವರ ವಿಚಾರ

ಕಟ್ಟಿದವರನ್ನು ಪರಿಚಯಿಸಿ ಮುಂದುವರಿಯುವುದು ಲೇಸು. ನಾವು ಮುಂಬಯಿಯ ಕಚೇರಿಯೊಂದರಲ್ಲಿ ಗುಮಾಸ್ತರು. ಹೆಂಡತಿ ಮತ್ತು ಹತ್ತು ವರ್ಷದ ಮಗನೊಡನೆ ಅಲ್ಲಿಯೇ ವಾಸ. ನಮ್ಮ ಅಣ್ಣ ಇಪ್ಪತ್ತೆರಡು ವರ್ಷಗಳಿಂದ ಹೊಟೇಲಿನ ಅಡುಗೆಮನೆಯಲ್ಲಿದ್ದಾನೆ. ಅವನ ಸಂಸಾರ ಊರಿನಲ್ಲಿ, ನಮ್ಮ ತಾಯಿಯ ಜತೆ: ಅತ್ತಿಗೆ, ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ. ಅಣ್ಣನಿಗೆ ವರ್ಷಕ್ಕೊಮ್ಮೆ ದೊರೆಯುವ ರಜೆ ಇಪ್ಪತ್ತೈದು ದಿನ. ಆ ಹುಡುಗ ಹುಟ್ಟಿದಂದಿನಿಂದ ತಂದೆಯನ್ನು ಕಂಡ ದಿನಗಳನ್ನೆಲ್ಲ ಕೂಡಿಸಿದರೆ ಐದು ತಿಂಗಳಾದರೆ ಹೆಚ್ಚು.

ನಾವು ಹೋಗಿಳಿದ ಮರುದಿನ ಬೆಳಗ್ಗೆ ಹುಡುಗ ಅಜ್ಜಿಯ ಸೆರಗಿನ ಹಿಂದೆ ನಿಂತು ಪಿಸುಗುಟ್ಟಿದ: “ಅಮ್ಮಮ್ಮ, ಅವರಿಗೆ ಚಾ ಬೇಕಾ ಕೇಳು.” ಅವರು ಎಂದರೆ ಅವನ ತಂದೆ. ಅಣ್ಣ ಕೇಳಿಸದವನಂತೆ ಎದ್ದು ತೆಂಗಿನ ಬುಡ ನೋಡಲು ಹೋದ. ಇನ್ನೂರು ಜನರ ಸಾಂಬಾರಿಗೆ ಉಪ್ಪನ್ನು ಕಣ್ಣಂದಾಜಿನಲ್ಲಿ ಹಾಕಬಲ್ಲ ಮನುಷ್ಯ ತನ್ನ ಮಗನೊಡನೆ ಏನು ಮಾತಾಡಬೇಕೆಂದು ತಿಳಿಯದೆ ಮೂರು ದಿನ ಹಿತ್ತಿಲಿನಲ್ಲಿ ಸುಮ್ಮನೆ ಸುತ್ತಿದ. ಆ ಸುತ್ತಾಟದಲ್ಲಿಯೇ ಅವನ ಕಣ್ಣಿಗೆ ಬಿದ್ದದ್ದು ಹಿಂದಿನ ಮಳೆಗಾಲದಲ್ಲಿ ಉರುಳಿ ಹಟ್ಟಿಯ ಬದಿಗೆ ಒರಗಿಸಿಟ್ಟಿದ್ದ ಮೂರು ಅಡಕೆಮರಗಳು. ಸಂಜೆ ಜಗಲಿಯಲ್ಲಿ ಕುಳಿತು, “ಮಕ್ಕಳಿಗೊಂದು ಮಾಳ ಕಟ್ಟುವ” ಎಂದ. ಮಕ್ಕಳು ಮೂವರೂ ಒಟ್ಟಿಗೆ ತಲೆಯೆತ್ತಿ ಅವನ ಮುಖವನ್ನು ನೋಡಿದ್ದು ಅದೇ ಮೊದಲು.

ಜಾಗವೆಲ್ಲಿ?

ಮೊದಲ ಚರ್ಚೆ ಜಾಗದ್ದು. ಮುಂಬಯಿಯಿಂದ ಬಂದ ನಮ್ಮ ಮಗನಿಗೆ ಹಲಸಿನ ಮರದ ಮೇಲೆಯೇ ಮನೆ ಬೇಕಾಗಿತ್ತು. ಚಿತ್ರದ ಪುಸ್ತಕಗಳಲ್ಲಿ ಹಾಗೆ ಇರುತ್ತದಂತೆ. ಜೀವಂತ ಮರ ಗಾಳಿಗೆ ಓಲಾಡುತ್ತದೆ, ವರ್ಷ ವರ್ಷ ದಪ್ಪವಾಗುತ್ತದೆ. ಅದಕ್ಕೆ ಬಿಗಿದ ತೊಲೆ ಒಂದೋ ಸಡಿಲುತ್ತದೆ, ಇಲ್ಲವೇ ಮರವನ್ನು ಕಡಿಯುತ್ತದೆ. ಮರದ ಎತ್ತರವನ್ನು ನಮ್ಮಿಷ್ಟದಂತೆ ತಗ್ಗಿಸಲೂ ಬರುವುದಿಲ್ಲ. ಆದುದರಿಂದ ನೆಲದಲ್ಲಿ ನೆಟ್ಟ ಸ್ವಂತ ಕಂಬಗಳೇ ಸರಿಯೆಂದಾಯಿತು.

ತಾಯಿಯವರು ಕೋಲು ಹಿಡಿದು ಹಿತ್ತಿಲನ್ನು ಒಂದು ಸುತ್ತು ಬಂದರು. ತೆಂಗಿನ ಕೆಳಗೆ ಬೇಡ: ಕಾಯಿಗೂ ಒಣಮಡಲಿಗೂ ಕೆಳಗೆ ಮಗುವಿದೆಯೆಂಬ ಅರಿವಿಲ್ಲ. ಹಲಸಿನ ಕೆಳಗೂ ಅದೇ ಕಾರಣಕ್ಕೆ ಬೇಡ. ಮಾವಿನ ಕೆಳಗೆ ಕೆಂಪಿರುವೆ. ಬಾವಿಯ ಕಡೆ ಮುಖವೂ ಬೇಡ. ಕಟ್ಟಿಗೆಯ ರಾಶಿಯ ಹತ್ತಿರ ಹಾವಿನ ಭಯ. ವಿದ್ಯುತ್ತಿನ ತಂತಿ ಹಾದುಹೋದ ಮಗ್ಗುಲಂತೂ ಸಲ್ಲದು. ಹೀಗೆ ಎಲ್ಲವನ್ನೂ ಕಳೆದು ಉಳಿದದ್ದು ಹಟ್ಟಿಗೂ ಮಲ್ಲಿಗೆಯ ಗಿಡಗಳಿಗೂ ನಡುವಣ ಒಂದು ಸಮತಟ್ಟಾದ ತುಂಡು. ಅದರ ಮುಖ್ಯ ಗುಣವನ್ನು ಅವರು ಕೊನೆಗೆ ಹೇಳಿದರು: ಅಡುಗೆಮನೆಯ ಕಿಟಕಿಯಿಂದ ಅದು ಕಾಣುತ್ತದೆ. ಮಕ್ಕಳ ಆಟದ ಜಾಗಕ್ಕೆ ಇದಕ್ಕಿಂತ ದೊಡ್ಡ ಅರ್ಹತೆ ಮತ್ತೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಗಂಡಸರು ಮುಂಬಯಿಗೆ ಹಿಂತಿರುಗಿದ ಮೇಲೆ ನೋಡಿಕೊಳ್ಳಬೇಕಾದವರು ಆ ಕಿಟಕಿಯ ಹಿಂದಿರುವವರೇ ತಾನೆ?

ಅಳತೆ, ಕಂಬ, ತೊಲೆ

ಹಾಸಿನ ಅಳತೆ ಆರು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಈ ಲೆಕ್ಕವನ್ನು ಬೇಕೆಂದೇ ಹಿಡಿದೆವು. ಈ ಅಳತೆಯ ಆಯದಲ್ಲಿ ಮೂಲೆಯಿಂದ ಮೂಲೆಗೆ ಸರಿಯಾಗಿ ಏಳೂವರೆ ಅಡಿ ಬರುತ್ತದೆ. ಎರಡು ಕರ್ಣಗಳೂ ಏಳೂವರೆ ಬಂದರೆ ಮೂಲೆಗಳು ನೇರವಾಗಿವೆಯೆಂದೇ ಅರ್ಥ. ಗೂಟ ಬಡಿದು, ಹಗ್ಗ ಎಳೆದು, ಟೇಪು ಹಿಡಿದು ಈ ಪರೀಕ್ಷೆ ಮಾಡಿದವಳು ಅಣ್ಣನ ಮಗಳು. ಒಂದು ಕರ್ಣ ಎರಡು ಅಂಗುಲ ಹೆಚ್ಚು ಬಂದಾಗ ಗೂಟವನ್ನು ಕೀಳಿಸಿ ಮತ್ತೆ ಹೊಡೆಯಿಸಿದಳು. ತಂದೆಯೂ ಚಿಕ್ಕಪ್ಪನೂ ಅವಳ ಅಪ್ಪಣೆಯಂತೆ ಸುತ್ತಿಗೆ ಎತ್ತಿದರು.

ಕಂಬಗಳಿಗೆ ಗಾಳಿಮರ. ಕರಾವಳಿಯಲ್ಲಿ ಸಾರುವೆ ಕಟ್ಟಲು ಬಳಸುವ ಈ ಮರ ನೆಟ್ಟಗಿರುತ್ತದೆ, ಸುಲಭವಾಗಿ ದೊರೆಯುತ್ತದೆ. ಆದರೆ ಗೆದ್ದಲಿಗೆ ಬಲು ಇಷ್ಟ. ಮಣ್ಣಿನೊಳಗೆ ಹೋಗುವ ಎರಡು ಅಡಿಗೂ ಮಣ್ಣಿನ ಮೇಲಿನ ಒಂದು ಗೇಣಿಗೂ ಗೇರೆಣ್ಣೆ ಬಳಿದೆವು. ಮರ ಮೊದಲು ಕೊಳೆಯುವುದು ಮಣ್ಣು ಮತ್ತು ಗಾಳಿ ಕೂಡುವ ಆ ಗೆರೆಯಲ್ಲಿ. ಆ ಗೇಣನ್ನು ಮರೆಯಬಾರದು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆಯೇಳುತ್ತದೆ. ಆ ಒಂದು ಕೆಲಸಕ್ಕೆ ಮಕ್ಕಳನ್ನು ಹತ್ತಿರ ಸೇರಿಸಲಿಲ್ಲ. ಎಣ್ಣೆ ಪೂರ್ತಿ ಆರುವ ತನಕ ಕಂಬಗಳು ಹಟ್ಟಿಯ ಹಿಂದೆಯೇ ಇದ್ದವು. ಎರಡಡಿ ಗುಂಡಿಯ ತಳಕ್ಕೆ ಚಪ್ಪಟೆ ಕಲ್ಲು, ಅದರ ಮೇಲೆ ಕಂಬ, ಸುತ್ತಲೂ ಕೆಂಪುಕಲ್ಲಿನ ಚೂರು ತುಂಬಿ ಹಾರೆಯ ಹಿಂಬದಿಯಿಂದ ಗುದ್ದಿದೆವು. ಬರಿಯ ಮಣ್ಣಾದರೆ ನೀರು ನಿಲ್ಲುತ್ತದೆ. ಚೂರಿನ ಎಡೆಯಲ್ಲಿ ಇಳಿದುಹೋಗುತ್ತದೆ.

ತೊಲೆಯನ್ನು ಕಂಬಕ್ಕೆ ಸೇರಿಸುವ ಹಂತದಲ್ಲಿ ಊರಿನ ಆಚಾರಿಯೊಬ್ಬರನ್ನು ಒಂದು ಗಳಿಗೆ ಕರೆಸಿಕೊಂಡೆವು. ತೊಲೆಯ ಭಾರ ಮೊಳೆಯ ಮೇಲೆ ಬೀಳಬಾರದು, ಮರದ ಮೇಲೆ ಬೀಳಬೇಕೆಂದು ಅವರು ಕಂಬದಲ್ಲಿ ಕಚ್ಚು ತೆಗೆದು ತೊಲೆಯನ್ನು ಅದರಲ್ಲಿ ಕೂರಿಸಿ ಬೋಲ್ಟು ಹಾಕಿಸಿದರು. ಚಹಾ ಕುಡಿದು, ಹಣ ಬೇಡವೆಂದು, ಬಾಚಿಯನ್ನು ಹೆಗಲಿಗೇರಿಸಿ ಹೋದರು. ಹೋಗುವಾಗ ಹಿರಿಯ ಹುಡುಗನ ಕೈಗೆ ನಾಲ್ಕು ಕಡ್ಡಿ ಕೊಟ್ಟು, “ಇದನ್ನು ಚೌಕ ಕಟ್ಟಿ ಒಂದು ಮೂಲೆ ಒತ್ತಿ ನೋಡು” ಎಂದರು. ಚೌಕ ವಾಲಿ ಬಿತ್ತು. ಮೂಲೆಯಿಂದ ಮೂಲೆಗೆ ಐದನೆಯ ಕಡ್ಡಿ ಕಟ್ಟಿದ ಮೇಲೆ ಎಷ್ಟು ಒತ್ತಿದರೂ ಅಲುಗಲಿಲ್ಲ. ನಾಲ್ಕು ಕಂಬದ ಯಾವುದೇ ಅಟ್ಟಣೆಗೆ ಇದೇ ಜೀವಾಳ. ಕಂಬ ಎಷ್ಟು ದಪ್ಪವಿದ್ದರೂ ಓರೆಯ ಆಧಾರವಿಲ್ಲದಿದ್ದರೆ ಮಕ್ಕಳ ಕುಣಿತಕ್ಕೆ ಒಂದೇ ತಿಂಗಳಲ್ಲಿ ವಾಲತೊಡಗುತ್ತದೆ. ಏಣಿಯ ಬದಿಯೊಂದನ್ನು ಬಿಟ್ಟು ಮೂರು ಬದಿಗೂ ಓರೆಪಟ್ಟಿಗಳನ್ನು ಬಿಗಿದೆವು. ಶಾಲೆಯ ಪುಸ್ತಕದಲ್ಲಿ ತ್ರಿಭುಜವನ್ನು ಬರೆದು ಬರೆದು ಬೇಸತ್ತಿದ್ದ ನಮ್ಮ ಮಗ ಅಂದಿನಿಂದ ಊರಿನ ಎಲ್ಲ ಚಪ್ಪರಗಳ, ಸೇತುವೆಗಳ, ಮಾಡುಗಳ ತ್ರಿಭುಜಗಳನ್ನು ಎಣಿಸುತ್ತ ನಡೆದನು.

ಗಂಟು ಕಲಿಸಿದವನು

ಹಾಸಿಗೆ ಅಡಕೆಯ ದಬ್ಬೆ. ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳನ್ನು ಕೆತ್ತಿ, ಗಟ್ಟಿಯಾದ ಹೊರಮೈಯನ್ನು ಮೇಲೆ ಮಾಡಿ ಜೋಡಿಸತಕ್ಕದ್ದು. ಇದರ ಸಿಬಿರು ಚುಚ್ಚಿದರೆ ವಾರಗಟ್ಟಲೆ ನೋವು. ಆದುದರಿಂದ ಪ್ರತಿಯೊಂದು ದಬ್ಬೆಯ ಅಂಚನ್ನೂ ಕತ್ತಿಯಿಂದ ಹೆರೆದು, ಅನಂತರ ತೆಂಗಿನ ಸಿಪ್ಪೆಯಿಂದ ಹೊಯಿಗೆ ಹಾಕಿ ತಿಕ್ಕಬೇಕು. ತಿಕ್ಕುವ ಗುತ್ತಿಗೆ ಮುಂಬಯಿಯ ಹುಡುಗನದು. ಮೊದಲ ದಿನ ಅಂಗೈ ಕೆಂಪಾಯಿತೆಂದು ಮುಖ ಸಣ್ಣದು ಮಾಡಿದ. ಎರಡನೆಯ ದಿನ ತಾನು ತಿಕ್ಕಿದ ದಬ್ಬೆಯ ಮೇಲೆ ಬೇರೆಯವರು ಕೆಸರುಗಾಲಿಟ್ಟರೆ ಜಗಳಕ್ಕೆ ನಿಂತ.

ದಬ್ಬೆಗೆ ಮೊಳೆ ಹೊಡೆದರೆ ಸೀಳಿಹೋಗುತ್ತದೆ. ಕತ್ತದ ಹಗ್ಗದಿಂದ ಕಟ್ಟುವುದೇ ಪದ್ಧತಿ. ಹಗ್ಗವನ್ನು ನೀರಿನಲ್ಲಿ ನೆನೆಹಾಕಿ ಮೆದುವಾದ ಮೇಲೆ ಅಣ್ಣ ಕಟ್ಟಲು ಕುಳಿತ. ಬಿಸಿ ಪಾತ್ರೆಯನ್ನು ಬರಿಗೈಯಿಂದ ಇಳಿಸುವ ಅವನ ಬೆರಳುಗಳಿಗೆ ಈ ಗಂಟು ಹೊಸದು. ಆರು ವರ್ಷದವನು ಸ್ವಲ್ಪ ದೂರ ಕುಕ್ಕುರುಗಾಲಿನಲ್ಲಿ ಕುಳಿತು ನೋಡಿದ, ಇನ್ನಷ್ಟು ಸಮೀಪಕ್ಕೆ ಸರಿದು ನೋಡಿದ, ಕಡೆಗೆ ತಡೆಯಲಾರದೆ ತಂದೆಯ ಕೈಯಿಂದ ಹಗ್ಗವನ್ನು ಕಿತ್ತುಕೊಂಡ. ಕರುವನ್ನು ಕಟ್ಟಲು ಅಜ್ಜಿ ಕಲಿಸಿದ್ದ ಗಂಟು ಅವನಿಗೆ ಬರುತ್ತಿತ್ತು. ಎರಡು ಸುತ್ತು, ಅಡಿಯಿಂದ ಒಂದು ಎಳೆ, ಮೇಲಿನಿಂದ ಒಂದು ಬಿಗಿತ.

“ಅಪ್ಪಯ್ಯ, ಹಿಡಿ. ಬಿಡಬೇಡ.”

ಅಣ್ಣ ಹಿಡಿದ. ಅಂದು ಮಧ್ಯಾಹ್ನದೊಳಗೆ ಇಬ್ಬರೂ ಸೇರಿ ಹದಿನಾಲ್ಕು ದಬ್ಬೆಗಳನ್ನು ಕಟ್ಟಿ ಮುಗಿಸಿದರು. ಊಟಕ್ಕೆ ಕರೆದರೆ ಇಬ್ಬರೂ ಒಂದೇ ದನಿಯಲ್ಲಿ “ಈಗ ಬಂದೆವು” ಎಂದರೇ ಹೊರತು ಬರಲಿಲ್ಲ. ಅತ್ತಿಗೆ ಕಿಟಕಿಯಲ್ಲಿ ನಿಂತು ಅದನ್ನು ನೋಡುತ್ತಿದ್ದರು; ಸಾರು ಎರಡು ಬಾರಿ ಬಿಸಿಯಾಯಿತು.

ಕಟಾಂಜನ ಮತ್ತು ಏಣಿ

ಇಲ್ಲಿ ಸ್ವಲ್ಪ ಕಟ್ಟುನಿಟ್ಟು ಬೇಕು. ಎತ್ತರದ ಆಟದ ಮನೆಯಲ್ಲಿ ಅಪಾಯವಿರುವುದು ಬೀಳುವುದರಲ್ಲಿ ಮಾತ್ರವಲ್ಲ, ಸಿಕ್ಕಿಕೊಳ್ಳುವುದರಲ್ಲಿಯೂ ಇದೆ. ಮಗುವಿನ ಮೈ ನುಸುಳಿ ತಲೆ ನುಸುಳದಿರುವಂಥ ಸಂದು ಅತ್ಯಂತ ಕೆಟ್ಟದ್ದು. ಮಕ್ಕಳ ಆಟದ ಸಾಧನಗಳಿಗಾಗಿ ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗವು ಕೊಡುವ ಸೂಚನೆಯಲ್ಲಿ ಮೂರೂವರೆ ಅಂಗುಲದಿಂದ ಒಂಬತ್ತು ಅಂಗುಲದವರೆಗಿನ ಸಂದುಗಳು ಇರಲೇಬಾರದೆಂದಿದೆ. ಅದಕ್ಕಿಂತ ಕಿರಿದಾದರೆ ಮೈ ಹೋಗದು, ಹಿರಿದಾದರೆ ತಲೆ ಹೊರಬರುತ್ತದೆ. ಕಟಾಂಜನದ ಪಟ್ಟಿಗಳ ನಡುವೆ ಮೂರು ಅಂಗುಲ, ಏಣಿಯ ಮೆಟ್ಟಿಲುಗಳ ನಡುವೆ ಹತ್ತು ಅಂಗುಲದ ತೆರಪು ಬಿಟ್ಟು ಈ ನಿಯಮವನ್ನು ಪಾಲಿಸಿದೆವು.

ಪಟ್ಟಿಗಳನ್ನು ನಿಲುವಾಗಿಯೇ ನಿಲ್ಲಿಸಬೇಕು. ಅಡ್ಡಡ್ಡ ಹೊಡೆದ ಪಟ್ಟಿ ಮಕ್ಕಳ ಪಾಲಿಗೆ ಏಣಿಯೇ. ಹತ್ತದೆ ಬಿಡುವ ಮಗು ಇನ್ನೂ ಹುಟ್ಟಿಲ್ಲ. ನಮ್ಮ ಕಟಾಂಜನದ ಎತ್ತರ ಮೂರು ಅಡಿ ಎರಡು ಅಂಗುಲ. ಅಟ್ಟಣೆಯ ಕೆಳಗೂ ಸುತ್ತಲೂ ನೆಲವನ್ನು ಅಗೆದು, ಕಲ್ಲು, ಬೇರು, ಗೆರಟೆಯ ಚೂರು ಆರಿಸಿ, ಒಂಬತ್ತು ಅಂಗುಲ ಹೊಯಿಗೆ ಹರಡಿದೆವು. ಬಡಿದು ಗಟ್ಟಿಯಾದ ನೆಲದ ಮೇಲೆ ಮೂರಡಿಯಿಂದ ಬಿದ್ದರೂ ಕೈ ಮುರಿಯಬಹುದು; ಹೊಯಿಗೆಯ ಮೇಲೆ ಬಿದ್ದ ಮಗು ಬಹುಮಟ್ಟಿಗೆ ಎದ್ದು ನಗುತ್ತದೆ. ಮೇಲಿನಿಂದ ಹಗ್ಗ ಇಳಿಬಿಟ್ಟು ಬುಟ್ಟಿ ಎಳೆಯಬೇಕೆಂದು ಮಕ್ಕಳ ಆಸೆ. ಸಡಿಲ ಹಗ್ಗ ಕೊರಳಿಗೆ ಸುತ್ತಿಕೊಳ್ಳುವ ವಸ್ತುವೆಂದು ತಾಯಿಯವರು ಅದನ್ನು ಸುತರಾಂ ಒಪ್ಪಲಿಲ್ಲ. ಬುಟ್ಟಿಯನ್ನು ಕೋಲಿನ ತುದಿಗೆ ಸಿಕ್ಕಿಸಿ ಎತ್ತುವ ಏರ್ಪಾಟಾಯಿತು. ಹಗ್ಗಕ್ಕಿಂತ ಅದೇ ಹೆಚ್ಚು ತಮಾಷೆಯದೆಂದು ತೀರ್ಪಾಯಿತು.

ಮಕ್ಕಳನ್ನು ಹತ್ತಿಸುವ ಮೊದಲು ಅಣ್ಣ, ನಾವು, ನೆರೆಮನೆಯ ಸ್ಥೂಲಕಾಯದ ಗೃಹಸ್ಥರೊಬ್ಬರು, ಹೀಗೆ ಮೂವರು ಹತ್ತಿ ನಿಂತು ಕುಪ್ಪಳಿಸಿದೆವು. ಈ ಪರೀಕ್ಷೆಯನ್ನು ಯಾರೂ ಬಿಡಬಾರದು. ಮಕ್ಕಳಿಗೆ ಅದಕ್ಕಿಂತ ದೊಡ್ಡ ಮನರಂಜನೆಯೂ ಇಲ್ಲ.

ಮಡಲಿನ ಮಾಡು

ಮಾಡಿಗೆ ಹಂಚು ಹೊದಿಸೋಣವೆಂದು ಒಂದು ಸಲಹೆ ಬಂತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ನಮ್ಮ ಕರಾವಳಿಗೆ ಮಾಡು ಎಂದರೆ ಹಂಚೇ. ಆದರೆ ಆಟದ ಮನೆಗೆ ಅದು ಭಾರ; ಜಾರಿ ಬಿದ್ದರೆ ಆಪತ್ತು. ತೆಂಗಿನ ಮಡಲಿನ ತಟ್ಟಿಯೇ ಯೋಗ್ಯ. ಪೇಟೆಯ ನೀಲಿ ಟಾರ್ಪಾಲು ಬಂದ ಮೇಲೆ ಮಡಲು ಹೆಣೆಯುವವರು ಅಪರೂಪವಾಗಿದ್ದಾರೆ. ನಮ್ಮ ಮನೆಯಲ್ಲಿ ಅದನ್ನು ಬಲ್ಲವರು ತಾಯಿಯವರೊಬ್ಬರೇ.

ಹಸಿ ಮಡಲನ್ನು ದಿಂಡಿನುದ್ದಕ್ಕೆ ಎರಡಾಗಿ ಸೀಳಿ, ಕೆರೆಯ ನೀರಿನಲ್ಲಿ ಕೆಲವು ದಿನ ನೆನೆಸಿ, ಎಲೆಗಳನ್ನು ಒಂದರ ಮೇಲೊಂದು ದಾಟಿಸುತ್ತ ಹೆಣೆಯಬೇಕು. ಅಂಗಳದಲ್ಲಿ ಕಾಲು ನೀಡಿ ಕುಳಿತು ಅವರು ಹೆಣೆದರು. ಎಡಗಡೆ ಅತ್ತಿಗೆ, ಬಲಗಡೆ ನಮ್ಮವಳು, ಎದುರಿಗೆ ಮೊಮ್ಮಗಳು. ಮಂಡಿನೋವಿನಿಂದ ಆ ವರ್ಷ ಮಾತೇ ಕಡಮೆ ಮಾಡಿದ್ದ ತಾಯಿಯವರು ಆ ಎರಡು ದಿನ ತಮ್ಮ ಮದುವೆಯ ಚಪ್ಪರಕ್ಕೆ ಎಷ್ಟು ತಟ್ಟಿ ಬೇಕಾಯಿತು, ಯಾರ ಯಾರ ಮನೆಯವರು ಹೆಣೆದುಕೊಟ್ಟರು, ಯಾರು ಮಾತು ಕೊಟ್ಟು ತಪ್ಪಿಸಿಕೊಂಡರು ಎಂಬುದನ್ನೆಲ್ಲ ಹೆಸರು ಹಿಡಿದು ಹೇಳಿದರು. ನಮಗೆ ಅವುಗಳಲ್ಲಿ ಒಂದೂ ಗೊತ್ತಿರಲಿಲ್ಲ. ಮೊಮ್ಮಗಳ ಮೂರನೆಯ ತಟ್ಟಿ ಅಜ್ಜಿಯದಕ್ಕೆ ಸರಿದೊರೆಯಾಯಿತು. ಒಟ್ಟು ಹನ್ನೊಂದು ತಟ್ಟಿಗಳು. ಕೆಳಗಿನ ಸಾಲು ಮೊದಲು, ಅದರ ಮೇಲೆ ಅರ್ಧ ಹೊದೆದಂತೆ ಮೇಲಿನದು, ತುದಿಯಲ್ಲಿ ಎರಡು ಬದಿಗೂ ಬಾಗಿಸಿದ ಒಂದು.

ಹದಿನಾರನೆಯ ದಿನ ಗೃಹಪ್ರವೇಶ. ಮೇಲಿನ ಮಹಡಿ ಹುಡುಗಿಯ ಶಾಲೆಯೆಂದೂ, ಕೆಳಗಿನ ಮೂರೂವರೆ ಅಡಿಯ ತಾಣ ಹುಡುಗರ ಹೊಟೇಲೆಂದೂ ಒಪ್ಪಂದವಾಯಿತು. ಗೆರಟೆಯಲ್ಲಿ ಸಾಂಬಾರು, ಹಲಸಿನೆಲೆಯಲ್ಲಿ ಇಡ್ಲಿ. ನಿಜವಾದ ಹೊಟೇಲಿನಲ್ಲಿ ಏನು ಮಾಡುತ್ತಾರೆಂಬುದು ಆಗ ಮುಖ್ಯ ಪ್ರಶ್ನೆಯಾಯಿತು. ಅಣ್ಣ ಹೊಯಿಗೆಯ ಮೇಲೆ ಕುಳಿತು ಎಲ್ಲವನ್ನೂ ವಿವರಿಸಿದ: ನಸುಕಿನ ನಾಲ್ಕಕ್ಕೆ ಒಲೆ ಹೊತ್ತಿಸುವುದು, ಹಿಟ್ಟು ಉಬ್ಬಿದೆಯೇ ಎಂದು ಮೂಸಿ ತಿಳಿಯುವುದು, ಆರ್ಡರನ್ನು ಕೂಗಿ ಹೇಳುವ ಕ್ರಮ, ರಾತ್ರಿ ಹನ್ನೊಂದಕ್ಕೆ ಕಲ್ಲನ್ನು ತಿಕ್ಕಿ ಮಲಗುವುದು. ಇಪ್ಪತ್ತೆರಡು ವರ್ಷದ ತನ್ನ ಕೆಲಸವನ್ನು ಅವನು ಮನೆಯಲ್ಲಿ ಹೀಗೆ ಹೇಳಿದ್ದನ್ನು ನಾವು ಕೇಳಿರಲಿಲ್ಲ. ಅತ್ತಿಗೆಯೂ ಕೇಳಿರಲಿಲ್ಲವೆಂದು ಅನಂತರ ತಿಳಿಯಿತು. ಹುಡುಗ ಗಲ್ಲೆಯಲ್ಲಿ ಕುಳಿತು ಗಂಭೀರವಾಗಿ ಕೇಳಿದ: “ಮತ್ತೆ ನೀನು ಊಟ ಮಾಡುವುದು ಯಾವಾಗ?”

ರಜೆ ಮುಗಿದು ನಾವು ಹಿಂತಿರುಗಿದೆವು. ಹಿಂದೆಲ್ಲ ಅಣ್ಣ ಫೋನು ಮಾಡಿದರೆ ಮಕ್ಕಳು “ಊಟ ಆಯ್ತು, ಶಾಲೆಗೆ ಹೋಗಿದ್ದೆ” ಎಂಬೆರಡು ಮಾತಾಡಿ ಓಡಿಹೋಗುತ್ತಿದ್ದರು. ಈಗ ವರದಿಗಳು ಬರುತ್ತವೆ. ಮೂಡುಬದಿಯ ಹಗ್ಗ ಸಡಿಲವಾಗಿದೆ. ಕೋಳಿ ಶಾಲೆಯಲ್ಲಿ ಮೊಟ್ಟೆಯಿಟ್ಟಿದೆ. ಎರಡನೆಯ ದಬ್ಬೆ ಕಿರಗುಟ್ಟುತ್ತದೆ. ಮೊಬೈಲಿನ ಕಣ್ಣನ್ನು ಗಂಟಿನ ಹತ್ತಿರ ಹಿಡಿದು, ಹೀಗೆ ಬಿಗಿಯಲೇ, ಹಾಗೆ ಬಿಗಿಯಲೇ ಎಂದು ಹುಡುಗ ಕೇಳುತ್ತಾನೆ. ಹೊಟೇಲಿನ ಹಿಂಬಾಗಿಲಿನಲ್ಲಿ ಈರುಳ್ಳಿಯ ಮೂಟೆಯ ಮೇಲೆ ಕುಳಿತು ಅಣ್ಣ ಉತ್ತರ ಕೊಡುತ್ತಾನೆ. ಕೆಲವೊಮ್ಮೆ ಜಗಳವೂ ಆಗುವುದುಂಟು.

ಮಳೆಗಾಲದ ವ್ಯವಸ್ಥೆ

ಕಟ್ಟುವವರು ಮಳೆಯ ಲೆಕ್ಕ ಮರೆಯಬಾರದು. ನಮ್ಮ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ. ಆದುದರಿಂದ ಕೆಲಸ ಮೇ ತಿಂಗಳ ಮೂರನೆಯ ವಾರದೊಳಗೆ ಮುಗಿಯಬೇಕು. ಗಾಳಿ ಹೊಕ್ಕು ಎತ್ತದಂತೆ ಮಾಡಿನ ತಟ್ಟಿಗಳ ಮೇಲೆ ಅಡಕೆಯ ಸಲಾಕೆಗಳನ್ನು ಹೇರಿ ಕಟ್ಟಬೇಕು. ಮಳೆ ಹಿಡಿದ ಮೇಲೆ ದಬ್ಬೆಗಳ ಮೇಲೆ ಪಾಚಿ ಕಟ್ಟಿ ಜಾರುತ್ತದೆ. ಈ ಕಾರಣಕ್ಕಾಗಿಯೇ ಏಣಿಯನ್ನು ಬಿಗಿಯದೆ ಕೊಕ್ಕೆಗೆ ಸಿಕ್ಕಿಸಿದ್ದೇವೆ. ಜೂನ್ ಮೊದಲ ವಾರದಲ್ಲಿ ತಾಯಿಯವರು ಅದನ್ನು ತೆಗೆಸಿ ಹಟ್ಟಿಯ ಅಟ್ಟದಲ್ಲಿ ಇಡಿಸುತ್ತಾರೆ. ನವರಾತ್ರಿಯ ಬಿಸಿಲು ಬಂದ ಮೇಲೆ, ಹಾಸನ್ನು ತೆಂಗಿನ ಸಿಪ್ಪೆಯಿಂದ ಉಜ್ಜಿ ಒಣಗಿಸಿದ ಅನಂತರವೇ ಅದು ಕೆಳಗಿಳಿಯುತ್ತದೆ. ಕೆಳಗಿನ ಹೊಟೇಲು ಮಾತ್ರ ಮಳೆಯಲ್ಲಿಯೂ ತೆರೆದಿರುತ್ತದೆಂದು ಸುದ್ದಿ.

ಹೊರಗಿನಿಂದ ಕೊಂಡದ್ದು ಕಂಬ, ತೊಲೆಗಳ ಗಾಳಿಮರ, ಬೋಲ್ಟು ಮೊಳೆ, ಕತ್ತದ ಹಗ್ಗ, ಗೇರೆಣ್ಣೆ, ಒಂದು ಗಾಡಿ ಹೊಯಿಗೆ, ಮಿಕ್ಕದ್ದೆಲ್ಲ ಹಿತ್ತಿಲಿನದು. ಹಗ್ಗವನ್ನು ವರ್ಷಕ್ಕೊಮ್ಮೆ ಬಿಚ್ಚಿ ಹೊಸದು ಕಟ್ಟಬೇಕು. ತಟ್ಟಿಗಳೂ ವರ್ಷ ವರ್ಷ ಹೊಸದಾಗಬೇಕು. ಮುಂದಿನ ಬೇಸಿಗೆಯ ಮಡಲುಗಳನ್ನು ಹುಡುಗಿ ಈಗಲೇ ಗುರುತಿಸಿಟ್ಟಿದ್ದಾಳಂತೆ. ದಬ್ಬೆಗಳನ್ನು ಪ್ರತಿ ರಜೆಯಲ್ಲಿ ಒಂದೊಂದಾಗಿ ತುಳಿದು ನೋಡಿ, ಮೆತ್ತಗಾದುದನ್ನು ತೆಗೆದುಹಾಕತಕ್ಕದ್ದು. ತೆಗೆದದ್ದು ಬಚ್ಚಲಿನ ಒಲೆಗೆ ಚೆನ್ನಾಗಿ ಉರಿಯುತ್ತದೆ.